ಹಳೆಯ ಸ್ಪೋರ್ಟ್ಸ್ ಕಾರು, ಐದು ಸಾವಿರ ಕಿಲೋಮೀಟರ್ ಕಚ್ಚಾ ರಸ್ತೆ: ದೂರಪ್ರಯಾಣದ ರ‍್ಯಾಲಿ ಕಾರುಗಳ ನಿರ್ಮಾಣ ಮತ್ತು ಅದರ ವ್ಯಾಪಾರ

ಸ್ಪೋರ್ಟ್ಸ್ ಕಾರು ಎಂದೊಡನೆ ನುಣುಪಾದ ಡಾಂಬರು ರಸ್ತೆ, ನೆಲಕ್ಕೆ ತಾಗುವಂತೆ ತಗ್ಗಿದ ಕವಚ ಮತ್ತು ಅತಿವೇಗ ಕಣ್ಣಮುಂದೆ ಬರುತ್ತವೆ. ಅಂತಹ ಕಾರೊಂದನ್ನು, ಅದೂ ನಲವತ್ತು ಐವತ್ತು ವರ್ಷ ಹಳೆಯದನ್ನು, ಕಲ್ಲು, ಧೂಳು, ಕೆಸರು, ಹಳ್ಳಗಳಿರುವ ಕಚ್ಚಾ ರಸ್ತೆಯಲ್ಲಿ ಸಾವಿರಾರು ಕಿಲೋಮೀಟರ್ ಓಡಿಸಬೇಕೆಂದರೆ ಅದು ಹುಚ್ಚು ಸಾಹಸವೆಂದೇ ತೋರೀತು. ಆದರೂ ಯೂರೋಪ್, ಆಫ್ರಿಕಾ ಮತ್ತು ಅಮೆರಿಕ ಖಂಡಗಳಲ್ಲಿ ಈ ಸಾಹಸವೇ ಒಂದು ವಿಶಿಷ್ಟ ಉದ್ಯಮವಾಗಿ ಬೆಳೆದಿದೆ. ಹತ್ತಾರು ಕುಶಲಕರ್ಮಿಗಳಿರುವ ಸಣ್ಣ ಕಾರ್ಯಾಗಾರಗಳು ಇದರ ಬೆನ್ನೆಲುಬಾಗಿವೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಕಾರುಗಳನ್ನು ಮಾತ್ರ ಸಿದ್ಧಪಡಿಸಿ, ಗುಣಮಟ್ಟವನ್ನೇ ಬಂಡವಾಳವಾಗಿಸಿಕೊಂಡು ಬದುಕುವ ಈ ಘಟಕಗಳ ಕಾರ್ಯವಿಧಾನದಿಂದ ಸಣ್ಣ ತಯಾರಕರು ತಿಳಿಯಬೇಕಾದ ಸಂಗತಿಗಳು ಅನೇಕ.

ಪಂದ್ಯದ ಹಿನ್ನೆಲೆ

ದೂರಪ್ರಯಾಣದ ರ‍್ಯಾಲಿಗಳ ಪೈಕಿ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಗೆ ಅಗ್ರಸ್ಥಾನವಿದೆ. ಬ್ರಿಟನ್ನಿನ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಂದರ್ಭದಲ್ಲಿ, 1953ರಲ್ಲಿ, ಕೀನ್ಯಾ, ಉಗಾಂಡಾ ಮತ್ತು ಅಂದಿನ ಟ್ಯಾಂಗನಿಕಾ ಪ್ರದೇಶಗಳನ್ನು ಸುತ್ತುವ ಪಂದ್ಯವಾಗಿ ಅದು ಆರಂಭವಾಯಿತು. ಮುಂದೆ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾಗವಾಗಿ 2002ರವರೆಗೆ ನಡೆದು, ದೀರ್ಘ ವಿರಾಮದ ಬಳಿಕ 2021ರಲ್ಲಿ ಆ ಪಟ್ಟಿಗೆ ಮರಳಿತು.

ಈ ರ‍್ಯಾಲಿಯ ಇತಿಹಾಸದಲ್ಲಿ ಭಾರತೀಯ ಮೂಲದವರ ಹೆಸರುಗಳು ಎದ್ದು ಕಾಣುತ್ತವೆ. ಕೀನ್ಯಾದ ಕೆರಿಚೊ ಪಟ್ಟಣದಲ್ಲಿ ಜನಿಸಿ, ತಂದೆಯ ಗ್ಯಾರೇಜಿನಲ್ಲಿ ಕೆಲಸ ಕಲಿತ ಜೋಗಿಂದರ್ ಸಿಂಗ್ 1965, 1974 ಮತ್ತು 1976ರಲ್ಲಿ ಸಫಾರಿಯನ್ನು ಗೆದ್ದರು. 1965ರಲ್ಲಿ ಸಹೋದರ ಜಸ್ವಂತ್ ಸಿಂಗ್ ಅವರೊಡನೆ ಅವರು ಗೆಲುವಿನತ್ತ ಓಡಿಸಿದ್ದು ಕಂಪನಿಯೊಂದು ಬಳಸಿ ಬಿಟ್ಟಿದ್ದ ವೋಲ್ವೊ ಪಿವಿ 544 ಕಾರನ್ನು. ದೊಡ್ಡ ತಯಾರಕರ ಅಧಿಕೃತ ತಂಡಗಳನ್ನು ಹಿಂದಿಕ್ಕಿ ಬಳಸಿದ ಕಾರೊಂದು ಗೆದ್ದ ಈ ಪ್ರಸಂಗ, ಸಿದ್ಧತೆಯ ಮುಂದೆ ಬಂಡವಾಳವೂ ತಲೆಬಾಗಬಲ್ಲದು ಎಂಬುದಕ್ಕೆ ನಿದರ್ಶನವಾಗಿದೆ. ಉಗಾಂಡಾದಲ್ಲಿ ಜನಿಸಿದ ಶೇಖರ್ ಮೆಹ್ತಾ ಐದು ಬಾರಿ, ಅಂದರೆ 1973ರಲ್ಲಿ ಮತ್ತು 1979ರಿಂದ 1982ರವರೆಗೆ ಸತತವಾಗಿ, ವಿಜೇತರಾದರು. 1973ರ ಅವರ ಗೆಲುವು ಡಾಟ್ಸನ್ 240 ಝಡ್ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಬಂದದ್ದು. ಅದೇ ಮಾದರಿಯ ಕಾರು 1971ರಲ್ಲಿಯೂ ಗೆದ್ದಿತ್ತು.

ಭಾರತದ ನೆಲವೂ ಇಂತಹ ಪಂದ್ಯಗಳನ್ನು ಕಂಡಿದೆ. 1968ರ ಲಂಡನ್-ಸಿಡ್ನಿ ಮ್ಯಾರಥಾನ್‌ನಲ್ಲಿ ಕಾರುಗಳು ಲಂಡನ್ನಿನಿಂದ ಟರ್ಕಿ, ಇರಾನ್, ಆಫ್ಘಾನಿಸ್ತಾನಗಳ ಮೂಲಕ ದೆಹಲಿಗೆ ಬಂದು, ಮುಂಬಯಿಯಿಂದ ಹಡಗೇರಿ ಆಸ್ಟ್ರೇಲಿಯಾ ತಲುಪಿದವು. ಹಿಲ್‌ಮನ್ ಹಂಟರ್ ಎಂಬ ಸಾಧಾರಣ ಸೆಡಾನ್ ಗೆದ್ದ ಆ ಪಂದ್ಯದಲ್ಲಿ ಪೋಲೆಂಡಿನ ಸೊಬಿಯೆಸ್ಲಾವ್ ಜಸಾದಾ ಪೋರ್ಷೆ 911 ಸ್ಪೋರ್ಟ್ಸ್ ಕಾರನ್ನು ನಾಲ್ಕನೆಯ ಸ್ಥಾನಕ್ಕೆ ತಂದರು. ಮುಂದೆ 1978ರ ಸಫಾರಿಯಲ್ಲಿ ಪೋರ್ಷೆ ಕಂಪನಿಯು ನೆಲದಿಂದ 28 ಸೆಂಟಿಮೀಟರ್ ಎತ್ತರಿಸಿದ 911 ಎಸ್‌ಸಿ ಕಾರುಗಳನ್ನು ಕಣಕ್ಕಿಳಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು ಪಡೆಯಿತು. 1984ರ ಪ್ಯಾರಿಸ್-ಡಕಾರ್ ರ‍್ಯಾಲಿಯನ್ನು ರೆನೆ ಮೆಟ್ಜ್ ನಾಲ್ಕು ಚಕ್ರ ಚಾಲನೆಯ 911ರಲ್ಲಿ ಗೆದ್ದರು.

ಈ ಪರಂಪರೆಯನ್ನು ಉಳಿಸಿಕೊಳ್ಳಲು 2003ರಲ್ಲಿ ಪೂರ್ವ ಆಫ್ರಿಕಾ ಸಫಾರಿ ಕ್ಲಾಸಿಕ್ ರ‍್ಯಾಲಿ ಪ್ರಾರಂಭವಾಯಿತು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಇದರಲ್ಲಿ ಹಳೆಯ ಕಾಲದ, ಎರಡು ಚಕ್ರ ಚಾಲನೆಯ, ಟರ್ಬೊ ಇಲ್ಲದ ಕಾರುಗಳು ಸುಮಾರು ಒಂಬತ್ತು ದಿನಗಳಲ್ಲಿ ಐದು ಸಾವಿರ ಕಿಲೋಮೀಟರ್‌ನಷ್ಟು ದೂರ ಕ್ರಮಿಸುತ್ತವೆ. 2011ರಲ್ಲಿ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ ಮತ್ತು 2015ರಲ್ಲಿ ಸ್ಟಿಗ್ ಬ್ಲೊಮ್‌ಕ್ವಿಸ್ಟ್ ಪೋರ್ಷೆ 911 ಕಾರುಗಳಲ್ಲಿ ಈ ರ‍್ಯಾಲಿಯನ್ನು ಗೆದ್ದರು. ಆ ಕಾರುಗಳನ್ನು ಸಿದ್ಧಪಡಿಸಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್‌ನ ಟುಟ್‌ಹಿಲ್ ಎಂಬ ಕುಟುಂಬದ ಕಾರ್ಯಾಗಾರ.

ಪೋರ್ಷೆ 911ಕ್ಕೆ ಪ್ರಾಶಸ್ತ್ಯವೇಕೆ?

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬೆಳಕು ಕಂಡ ಪೋರ್ಷೆ 911 ಈ ಕೆಲಸಕ್ಕೆ ಅಚ್ಚುಮೆಚ್ಚಿನದಾಗಲು ನಿರ್ದಿಷ್ಟ ಕಾರಣಗಳಿವೆ.

ಮೊದಲನೆಯದಾಗಿ, ಅದರ ಎಂಜಿನ್ ಹಿಂದಿನ ಅಚ್ಚಿನ ಹಿಂಭಾಗದಲ್ಲಿದೆ. ಚಾಲನೆ ಪಡೆಯುವ ಹಿಂಚಕ್ರಗಳ ಮೇಲೆಯೇ ಎಂಜಿನ್ನಿನ ಭಾರ ಬೀಳುವುದರಿಂದ ಸಡಿಲವಾದ ಮಣ್ಣು ಮತ್ತು ಕೆಸರಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಎರಡನೆಯದಾಗಿ, 1990ರ ದಶಕದ ಉತ್ತರಾರ್ಧದವರೆಗೆ ತಯಾರಾದ 911 ಕಾರುಗಳ ಎಂಜಿನ್ ಗಾಳಿಯಿಂದ ತಣಿಯುವಂಥದ್ದು. ರೇಡಿಯೇಟರ್, ನೀರಿನ ಪೈಪು, ನೀರಿನ ಪಂಪು ಯಾವುವೂ ಇಲ್ಲದಿರುವುದರಿಂದ ಕಲ್ಲು ಬಡಿದು ನೀರು ಸೋರಿ ಕಾರು ನಿಲ್ಲುವ ಅಪಾಯವೇ ಇಲ್ಲ. ಮೂರನೆಯದಾಗಿ, ಎಂಜಿನ್ ಎಣ್ಣೆಗೆ ಪ್ರತ್ಯೇಕ ಟ್ಯಾಂಕ್ ಇದ್ದು, ಕಾರು ಎಷ್ಟೇ ಓಲಾಡಿದರೂ ಪಂಪಿಗೆ ಎಣ್ಣೆ ತಪ್ಪುವುದಿಲ್ಲ. ನಾಲ್ಕನೆಯದಾಗಿ, 1970ರ ದಶಕದ ಮಧ್ಯಭಾಗದಿಂದ ಇದರ ಉಕ್ಕಿನ ಕವಚಕ್ಕೆ ಸತುವಿನ ಲೇಪನವಿರುವುದರಿಂದ ತುಕ್ಕಿನ ಬಾಧೆ ಕಡಿಮೆ. ಕೊನೆಯದಾಗಿ, ಒಂದೇ ಮೂಲ ವಿನ್ಯಾಸ ದಶಕಗಳ ಕಾಲ ಮುಂದುವರಿದದ್ದರಿಂದ ಬಿಡಿಭಾಗಗಳ ಮಾರುಕಟ್ಟೆ ವಿಶಾಲವಾಗಿದೆ. 2017ರಲ್ಲಿ ಹತ್ತು ಲಕ್ಷದ 911 ಕಾರು ಕಾರ್ಖಾನೆಯಿಂದ ಹೊರಬಂದಿತು.

ಇವೆಲ್ಲ ಅನುಕೂಲಗಳಿದ್ದರೂ ಕಾರ್ಖಾನೆಯಿಂದ ಬಂದ ಕಾರು ಹಾಗೆಯೇ ರ‍್ಯಾಲಿಗೆ ಯೋಗ್ಯವಲ್ಲ. ಅದನ್ನು ಸಂಪೂರ್ಣವಾಗಿ ಬಿಚ್ಚಿ ಮರುನಿರ್ಮಿಸಬೇಕಾಗುತ್ತದೆ.

ಕವಚವೇ ಅಡಿಪಾಯ

ನಿರ್ಮಾಣದ ಮೊದಲ ಹೆಜ್ಜೆ ಕಾರಿನ ಆಯ್ಕೆ. ಹೊಳೆಯುವ ಬಣ್ಣಕ್ಕೆ ಇಲ್ಲಿ ಬೆಲೆಯಿಲ್ಲ. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಸಸ್ಪೆನ್ಷನ್ ಜೋಡಣೆಯಾಗುವ ಸ್ಥಳಗಳು ಗಟ್ಟಿಯಾಗಿವೆಯೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಅನಂತರ ಎಂಜಿನ್, ವೈರಿಂಗ್, ಗಾಜು, ಸೀಟು ಎಲ್ಲವನ್ನೂ ತೆಗೆದು, ಬಣ್ಣ ಮತ್ತು ಅಂಟನ್ನು ಕೆರೆದು, ಬರಿಯ ಲೋಹದ ಕವಚವನ್ನು ತಿರುಗಿಸಬಲ್ಲ ಚೌಕಟ್ಟಿಗೆ ಏರಿಸುತ್ತಾರೆ. ಮೇಲೆ ಕಾಣದ ತುಕ್ಕು ಮತ್ತು ಹಳೆಯ ಅಪಘಾತದ ಗುರುತು ಈ ಹಂತದಲ್ಲಿ ಬಯಲಾಗುತ್ತವೆ. ಕೆಲಸದ ಅಂದಾಜು ವೆಚ್ಚ ಏರುಪೇರಾಗುವುದೂ ಇಲ್ಲಿಯೇ.

ಕಾರ್ಖಾನೆಯಲ್ಲಿ ತಗಡುಗಳನ್ನು ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್‌ನಿಂದ ಜೋಡಿಸಿರುತ್ತಾರೆ. ಸಾಮಾನ್ಯ ರಸ್ತೆಗೆ ಅದು ಸಾಕು. ನಿರಂತರವಾಗಿ ಬಡಿತ ತಿನ್ನುವ ರ‍್ಯಾಲಿ ಕಾರಿನಲ್ಲಿ ಆ ಚುಕ್ಕಿಗಳ ನಡುವೆ ತಗಡು ಬಾಯ್ಬಿಡುತ್ತದೆ. ಆದ್ದರಿಂದ ಮುಖ್ಯ ಸಂದುಗಳ ಉದ್ದಕ್ಕೂ ಮತ್ತೊಮ್ಮೆ ವೆಲ್ಡಿಂಗ್ ಮಾಡಲಾಗುತ್ತದೆ. ಶಾಕ್ ಅಬ್ಸಾರ್ಬರ್ ಕೂರುವ ಗೋಪುರ, ಜ್ಯಾಕ್ ಕೊಡುವ ಸ್ಥಳ, ಹಿಂದಿನ ಸಸ್ಪೆನ್ಷನ್ ತೋಳು ಸೇರುವ ಭಾಗಗಳಿಗೆ ಹೆಚ್ಚುವರಿ ತಗಡಿನ ಹೊದಿಕೆ ಹಾಕಲಾಗುತ್ತದೆ.

ಇದಾದ ಮೇಲೆ ಒಳಪಂಜರದ ಕೆಲಸ. ರೋಲ್ ಕೇಜ್ ಎಂದು ಕರೆಯುವ ಈ ಕೊಳವೆಯ ಚೌಕಟ್ಟು ಕಾರು ಮಗುಚಿದಾಗ ಒಳಗಿರುವವರ ಪ್ರಾಣ ಉಳಿಸುತ್ತದೆ, ಜೊತೆಗೆ ಇಡೀ ಕವಚಕ್ಕೆ ಬಿಗುವನ್ನು ಕೊಡುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮದ ಪ್ರಕಾರ ಕೊಳವೆಯು ಜೋಡಣೆಯ ಸೀಳಿಲ್ಲದ, ತಣ್ಣಗೆ ಎಳೆದು ತಯಾರಿಸಿದ ಇಂಗಾಲದ ಉಕ್ಕಿನದಾಗಿರಬೇಕು. ಅದರ ಎಳೆತ ಸಾಮರ್ಥ್ಯ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ ಕೊಳವೆ ಬಳಸಬೇಕು. ವೆಲ್ಡಿಂಗ್ ಕೊಳವೆಯ ಸುತ್ತಳತೆಯುದ್ದಕ್ಕೂ ಪೂರ್ಣವಾಗಿರಬೇಕು. ಛಾವಣಿಗೆ ಒತ್ತಿಕೊಂಡಿರುವ ಕೊಳವೆಯ ಮೇಲ್ಭಾಗಕ್ಕೆ ವೆಲ್ಡಿಂಗ್ ಕೈ ಹೋಗುವುದು ಕಷ್ಟ. ಅಲ್ಲಿ ಅರ್ಧ ಸುತ್ತು ಬಿಟ್ಟು ಬಣ್ಣ ಬಳಿದರೆ ಹೊರಗಿನವರಿಗೆ ತಿಳಿಯದು. ಕಾರು ಮಗುಚಿದ ದಿನ ತಿಳಿಯುತ್ತದೆ. ಕಾರ್ಯಾಗಾರದ ಪ್ರಾಮಾಣಿಕತೆ ಪರೀಕ್ಷೆಗೊಳಗಾಗುವುದು ಇಂತಹ ಕಣ್ಣಿಗೆ ಬೀಳದ ಮೂಲೆಗಳಲ್ಲಿ.

ಸಸ್ಪೆನ್ಷನ್: ಒಂದನ್ನು ಬದಲಿಸಿದರೆ ನಾಲ್ಕನ್ನು ಬದಲಿಸಬೇಕು

ಕಾರನ್ನು ಎತ್ತರಿಸುವುದು ಹೊರನೋಟಕ್ಕೆ ಸುಲಭ. 1989ರವರೆಗಿನ 911 ಮಾದರಿಗಳಲ್ಲಿ ಸುರುಳಿ ಸ್ಪ್ರಿಂಗ್‌ಗೆ ಬದಲಾಗಿ ತಿರುಚಿಕೊಳ್ಳುವ ಉಕ್ಕಿನ ಸರಳುಗಳಿವೆ. ಆ ಟಾರ್ಷನ್ ಬಾರ್‌ಗಳ ಹಲ್ಲಿನ ಜೋಡಣೆಯನ್ನು ಬದಲಿಸಿದರೆ ಕಾರು ಮೇಲೇರುತ್ತದೆ. ಸಮಸ್ಯೆ ಆರಂಭವಾಗುವುದು ಆಮೇಲೆ.

ಕಾರು ಮೇಲೇರಿದಂತೆ ಗೇರ್‌ಬಾಕ್ಸ್‌ನಿಂದ ಹಿಂಚಕ್ರಕ್ಕೆ ಹೋಗುವ ಆಕ್ಸಲ್ ಕೀಲುಗಳ ಕೋನ ಹೆಚ್ಚುತ್ತದೆ. ಕೋನ ಹೆಚ್ಚಾದರೆ ಕೀಲು ಬಿಸಿಯಾಗಿ, ಗ್ರೀಸ್ ಕರಗಿ, ಒಡೆಯುತ್ತದೆ. ಆದ್ದರಿಂದ ಚಕ್ರ ಕೆಳಕ್ಕೆ ಜೋತುಬೀಳುವ ಮಿತಿಯನ್ನು ಪಟ್ಟಿ ಕಟ್ಟಿ ನಿಯಂತ್ರಿಸಬೇಕು. ಮುಂಭಾಗದಲ್ಲಿ ಸ್ಟೀರಿಂಗ್ ಕಡ್ಡಿಗಳ ಕೋನವೂ ಬದಲಾಗುವುದರಿಂದ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಕಾರು ತಾನಾಗಿ ಪಕ್ಕಕ್ಕೆ ತಿರುಗತೊಡಗುತ್ತದೆ. ಅದನ್ನು ಸರಿಪಡಿಸಲು ಸ್ಟೀರಿಂಗ್ ಜೋಡಣೆಯ ಎತ್ತರವನ್ನು ಹೊಂದಿಸಬೇಕು. ಕಾರಿನ ಭಾರಕೇಂದ್ರ ಮೇಲೇರುವುದರಿಂದ ತಿರುವುಗಳಲ್ಲಿ ವಾಲುವಿಕೆ ಹೆಚ್ಚುತ್ತದೆ. ಸರಳುಗಳ ಬಿಗುವನ್ನು ಅದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಬೇಕು. ಹೀಗೆ ಒಂದು ಬದಲಾವಣೆ ಮತ್ತೊಂದನ್ನು ಬೇಡುತ್ತದೆ. ಈ ಸರಪಳಿಯನ್ನು ಮೊದಲೇ ಕಾಣಬಲ್ಲ ಮೇಸ್ತ್ರಿಯೇ ಈ ಉದ್ಯಮದ ನಿಜವಾದ ಆಸ್ತಿ.

ಶಾಕ್ ಅಬ್ಸಾರ್ಬರ್‌ಗಳ ಪಾತ್ರ ಇನ್ನೂ ನಿರ್ಣಾಯಕ. 1,200 ಕಿಲೋಗ್ರಾಂ ತೂಕದ ಕಾರು 30 ಸೆಂಟಿಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಸುಮಾರು 3,500 ಜೂಲ್ ಶಕ್ತಿ ಹೀರಿಕೆಯಾಗಬೇಕು. ಆ ಶಕ್ತಿಯ ಬಹುಭಾಗ ಶಾಕ್ ಅಬ್ಸಾರ್ಬರ್‌ನ ಎಣ್ಣೆಯಲ್ಲಿ ಬಿಸಿಯಾಗಿ ಪರಿಣಮಿಸುತ್ತದೆ. ಗಂಟೆಗಟ್ಟಲೆ ಇದೇ ನಡೆದರೆ ಎಣ್ಣೆ ತೆಳುವಾಗಿ, ನೊರೆಯೆದ್ದು, ಹಿಡಿತ ಕಳೆದುಕೊಳ್ಳುತ್ತದೆ. ಇದನ್ನು ತಡೆಯಲು ದೊಡ್ಡ ವ್ಯಾಸದ, ಒತ್ತಡದ ಅನಿಲ ತುಂಬಿದ, ಹೆಚ್ಚುವರಿ ಎಣ್ಣೆಯ ಡಬ್ಬಿಯನ್ನು ಪ್ರತ್ಯೇಕವಾಗಿ ಹೊಂದಿದ ಶಾಕ್ ಅಬ್ಸಾರ್ಬರ್‌ಗಳನ್ನು ಬಳಸುತ್ತಾರೆ. ಇವುಗಳ ತಯಾರಿಕೆಯೇ ಒಂದು ಪ್ರತ್ಯೇಕ ವಿಶೇಷಜ್ಞತೆಯಾಗಿದ್ದು, ಬಹುತೇಕ ಕಾರ್ಯಾಗಾರಗಳು ಹೊರಗಿನಿಂದಲೇ ಖರೀದಿಸುತ್ತವೆ.

ಲೋಹದ ಆಯಾಸವೆಂಬುದು ಮತ್ತೊಂದು ಶತ್ರು. ಕಚ್ಚಾ ರಸ್ತೆಯ ಪ್ರತಿ ಕಿಲೋಮೀಟರಿಗೆ 50 ಬಲವಾದ ಹೊಡೆತಗಳು ಬೀಳುತ್ತವೆ ಎಂದು ಭಾವಿಸಿದರೂ 5,000 ಕಿಲೋಮೀಟರಿನಲ್ಲಿ ಎರಡೂವರೆ ಲಕ್ಷ ಹೊಡೆತಗಳಾಗುತ್ತವೆ. ಒಂದೇ ಹೊಡೆತವನ್ನು ಲೀಲಾಜಾಲವಾಗಿ ತಾಳಬಲ್ಲ ಭಾಗವೂ ಲಕ್ಷ ಹೊಡೆತಗಳ ಬಳಿಕ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಆದ್ದರಿಂದ ಸಸ್ಪೆನ್ಷನ್ ತೋಳು, ಸ್ಟಬ್ ಆಕ್ಸಲ್, ಸ್ಟೀರಿಂಗ್ ಭಾಗಗಳನ್ನು ಬಿರುಕು ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಉಕ್ಕಿನ ಭಾಗಗಳಿಗೆ ಕಾಂತೀಯ ಕಣಗಳ ಪರೀಕ್ಷೆ, ಅಲ್ಯೂಮಿನಿಯಂ ಭಾಗಗಳಿಗೆ ಬಣ್ಣದ್ರವ ಇಳಿಸುವ ಪರೀಕ್ಷೆ ರೂಢಿಯಲ್ಲಿದೆ.

ಧೂಳು, ಕಲ್ಲು ಮತ್ತು ಇಂಧನ

ರ‍್ಯಾಲಿ ಎಂಜಿನ್ನಿನಿಂದ ಗರಿಷ್ಠ ಅಶ್ವಶಕ್ತಿ ಪಡೆಯುವುದು ಜಾಣತನವಲ್ಲ. ದೂರದ ಪ್ರದೇಶಗಳಲ್ಲಿ ದೊರೆಯುವ ಪೆಟ್ರೋಲಿನ ಗುಣಮಟ್ಟ ಅನಿಶ್ಚಿತ. ಸಂಕೋಚನ ಪ್ರಮಾಣ ಹೆಚ್ಚಿದ್ದರೆ ಕಳಪೆ ಇಂಧನದಿಂದ ಎಂಜಿನ್ ಒಳಗೆ ಅಕಾಲಿಕ ಸ್ಫೋಟವಾಗಿ ಪಿಸ್ಟನ್ ತೂತಾಗುತ್ತದೆ. ಆದುದರಿಂದ ಶಕ್ತಿಯನ್ನು ಕೊಂಚ ಬಿಟ್ಟುಕೊಟ್ಟು, ಕಡಿಮೆ ವೇಗದಲ್ಲಿಯೂ ಎಳೆಯಬಲ್ಲ, ತಂಪಾಗಿ ಓಡುವ ಎಂಜಿನ್ನನ್ನು ನಿರ್ಮಿಸುತ್ತಾರೆ. ಧೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಗೋಡೆಯನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಎರಡು ಪದರದ ಶೋಧಕಗಳು, ಗಾಳಿಯನ್ನು ಎತ್ತರದ ಸ್ಥಳದಿಂದ ಎಳೆಯುವ ನಳಿಕೆ, ಪ್ರತಿ ಸಂಜೆ ಶೋಧಕದ ಬದಲಾವಣೆ ಇವು ಅನಿವಾರ್ಯ. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳ ನಡುವೆ ಕೆಸರು, ಹುಲ್ಲು ಸೇರಿದರೆ ಶಾಖ ಹೊರಹೋಗದು. ಅವನ್ನೂ ದಿನವೂ ಸ್ವಚ್ಛಗೊಳಿಸಬೇಕು.

ಕಾರಿನ ತಳಕ್ಕೆ ದಪ್ಪ ಅಲ್ಯೂಮಿನಿಯಂ ಅಥವಾ ಕೆವ್ಲಾರ್‌ನಂತಹ ಸಂಯುಕ್ತ ವಸ್ತುವಿನ ರಕ್ಷಾಫಲಕಗಳನ್ನು ಅಳವಡಿಸುತ್ತಾರೆ. ಬ್ರೇಕ್, ಇಂಧನ ಮತ್ತು ಎಣ್ಣೆಯ ಪೈಪುಗಳನ್ನು ಕಲ್ಲಿನ ಏಟಿಗೆ ಸಿಗದಂತೆ ಕಾರಿನೊಳಗೆ ಸಾಗಿಸುತ್ತಾರೆ. ಇಂಧನ ಟ್ಯಾಂಕಿಗೆ ಒಡೆಯದ ರಬ್ಬರಿನ ಚೀಲ ಮತ್ತು ಸ್ಪಂಜಿನ ತುಂಬುಗೆ ಇರುತ್ತದೆ. ನೂರು ಲೀಟರ್ ಪೆಟ್ರೋಲ್ ಎಂದರೆ ಸುಮಾರು 75 ಕಿಲೋಗ್ರಾಂ ತೂಕ. ಎರಡು ಹೆಚ್ಚುವರಿ ಚಕ್ರ, ಉಪಕರಣ, ಕುಡಿಯುವ ನೀರು, ಎಳೆಯುವ ಹಗ್ಗ, ಬಿಡಿಭಾಗ ಎಲ್ಲವೂ ಸೇರಿದಾಗ ಕಾರಿನ ತೂಕದ ಹಂಚಿಕೆಯೇ ಬದಲಾಗುತ್ತದೆ. ಹೀಗಾಗಿ ಸಸ್ಪೆನ್ಷನ್ ಹೊಂದಾಣಿಕೆಯನ್ನು ಪೂರ್ತಿ ಸರಂಜಾಮು ತುಂಬಿದ ಸ್ಥಿತಿಯಲ್ಲಿಯೇ ಪರೀಕ್ಷಿಸಬೇಕು.

ವಿದ್ಯುತ್ ವ್ಯವಸ್ಥೆಯಲ್ಲಿ ಸರಳತೆಯೇ ಸೂತ್ರ. ಇಂಧನ ಪಂಪು, ಇಗ್ನಿಷನ್ ಕಾಯಿಲ್ ಮುಂತಾದವು ಎರಡೆರಡು ಇದ್ದು, ಒಂದು ಕೈಕೊಟ್ಟರೆ ಚಾಲಕ ಕುಳಿತಲ್ಲಿಂದಲೇ ಸ್ವಿಚ್ ಒತ್ತಿ ಮತ್ತೊಂದಕ್ಕೆ ಬದಲಾಯಿಸಬಹುದು. ಕಾರಿನಾದ್ಯಂತ ಎರಡು ಮೂರು ಅಳತೆಯ ಬೋಲ್ಟ್‌ಗಳನ್ನಷ್ಟೇ ಬಳಸುವುದು ಇನ್ನೊಂದು ಉಪಾಯ. ಕತ್ತಲಲ್ಲಿ, ಕೆಸರಿನಲ್ಲಿ ಕುಳಿತು ರಿಪೇರಿ ಮಾಡುವವನಿಗೆ ಹತ್ತು ಬಗೆಯ ಸ್ಪ್ಯಾನರ್ ಹುಡುಕುವ ಪಾಡು ಬರಬಾರದು.

ದಾಖಲೆಯೂ ಒಂದು ಬಿಡಿಭಾಗ

ಕಾರು ಗಟ್ಟಿಯಾಗಿದ್ದರೆ ಸಾಲದು, ಅದು ನಿಯಮಬದ್ಧವೆಂದು ತೋರಿಸಬೇಕು. ಎಫ್‌ಐಎ ನಿಯಮಗಳಿಗೆ ಒಳಪಟ್ಟ ಐತಿಹಾಸಿಕ ಸ್ಪರ್ಧೆಗಳಲ್ಲಿ ಕಾರಿನ ಪ್ರತಿಯೊಂದು ವಿವರವನ್ನು ಒಳಗೊಂಡ ಐತಿಹಾಸಿಕ ತಾಂತ್ರಿಕ ಪಾಸ್‌ಪೋರ್ಟ್ ಎಂಬ ದಾಖಲೆ ಬೇಕಾಗುತ್ತದೆ. ಆ ಕಾಲದಲ್ಲಿ ಬಳಕೆಯಲ್ಲಿದ್ದ ವಿನ್ಯಾಸಕ್ಕೆ ಮಾತ್ರ ಅಲ್ಲಿ ಅವಕಾಶ. ಸೀಟು, ಬೆಲ್ಟು ಮೊದಲಾದ ಸುರಕ್ಷಾ ಸಾಮಗ್ರಿಗಳಿಗೆ ಬಳಕೆಯ ಕೊನೆಯ ದಿನಾಂಕವಿರುತ್ತದೆ. ಅವಧಿ ಮೀರಿದ ಬೆಲ್ಟು ಹೊಸದರಂತೆ ಕಂಡರೂ ಪರಿಶೀಲಕರು ಒಪ್ಪುವುದಿಲ್ಲ.

ಇದಲ್ಲದೆ ಉತ್ತಮ ಕಾರ್ಯಾಗಾರಗಳು ಪ್ರತಿಯೊಂದು ಮುಖ್ಯ ಭಾಗಕ್ಕೂ ಬಾಳಿಕೆಯ ಪಟ್ಟಿಯನ್ನು ಇಡುತ್ತವೆ. ಯಾವ ಆಕ್ಸಲ್ ಎಷ್ಟು ಕಿಲೋಮೀಟರ್ ಓಡಿದೆ, ಯಾವ ಬೇರಿಂಗ್ ಎಂದು ಬದಲಾಯಿತು, ಯಾವ ಬೋಲ್ಟ್ ಯಾವ ಕಂತಿನ ಸರಕಿನಿಂದ ಬಂದಿತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಭಾಗ ಮುರಿದ ಮೇಲೆ ಬದಲಿಸುವುದು ಸಾಮಾನ್ಯ ಗ್ಯಾರೇಜಿನ ರೀತಿ. ಮುರಿಯುವ ಮುನ್ನವೇ ಲೆಕ್ಕ ನೋಡಿ ಬದಲಿಸುವುದು ಇಲ್ಲಿನ ರೀತಿ.

ವ್ಯಾಪಾರದ ಲೆಕ್ಕಾಚಾರ

ಈ ಉದ್ಯಮದಲ್ಲಿ ಆದಾಯದ ಮೂಲ ಒಂದೇ ಅಲ್ಲ. ಗ್ರಾಹಕನಿಗಾಗಿ ಕಾರು ನಿರ್ಮಿಸುವುದು ಮೊದಲ ಮೂಲ. ಕಾರ್ಯಾಗಾರವೇ ಕಾರುಗಳನ್ನು ಹೊಂದಿದ್ದು, ಸ್ಪರ್ಧಿಗಳಿಗೆ ಒಂದು ರ‍್ಯಾಲಿಯ ಮಟ್ಟಿಗೆ ಬಾಡಿಗೆಗೆ ಕೊಡುವುದು ಎರಡನೆಯದು. ರ‍್ಯಾಲಿಯುದ್ದಕ್ಕೂ ಮೆಕ್ಯಾನಿಕ್‌ಗಳು, ಸೇವಾ ವಾಹನ, ಬಿಡಿಭಾಗಗಳನ್ನು ಒದಗಿಸುವ ಸೇವೆ ಮೂರನೆಯದು. ಮರಳಿ ಬಂದ ಕಾರನ್ನು ಬಿಚ್ಚಿ ಮತ್ತೆ ಕಟ್ಟುವುದು ನಾಲ್ಕನೆಯದು. ಹೊಸ ಕಾರಿನ ನಿರ್ಮಾಣ ಒಮ್ಮೆ ಬರುವ ಹಣ; ಸೇವೆ ಮತ್ತು ಮರುನಿರ್ಮಾಣ ಮತ್ತೆ ಮತ್ತೆ ಬರುವ ಹಣ. ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಕಾರ್ಯಾಗಾರವನ್ನು ಉಳಿಸುವುದು ಈ ಎರಡನೆಯ ಬಗೆಯ ಆದಾಯ.

ಅಪಾಯಗಳೂ ಇವೆ. ಬಿಚ್ಚಿ ನೋಡುವ ಮುನ್ನವೇ ಇಡೀ ಕೆಲಸಕ್ಕೆ ನಿಗದಿತ ಬೆಲೆ ಹೇಳುವ ಕಾರ್ಯಾಗಾರ, ಒಳಗೆ ಅಡಗಿರುವ ತುಕ್ಕಿಗೆ ತನ್ನ ಲಾಭವನ್ನು ಬಲಿಕೊಡುತ್ತದೆ. ಆದ್ದರಿಂದ ಪರಿಶೀಲನೆಗೆ ಒಂದು ಶುಲ್ಕ, ಅನಂತರ ಹಂತಹಂತದ ಒಪ್ಪಂದ, ಪ್ರತಿ ಹಂತಕ್ಕೂ ಮುಂಗಡ ಎಂಬ ಪದ್ಧತಿ ಕ್ಷೇಮಕರ. ಗಡುವು ಮೀರುವುದು ಇನ್ನೊಂದು ಅಪಾಯ. ರ‍್ಯಾಲಿಯ ದಿನಾಂಕವನ್ನು ಮುಂದೂಡಲಾಗದು. ಹಡಗಿಗೆ ಕಂಟೇನರ್ ಏರಿಸುವ ದಿನ ತಪ್ಪಿದರೆ ಗ್ರಾಹಕ ಕಟ್ಟಿದ ಪ್ರವೇಶ ಶುಲ್ಕ, ಪ್ರಯಾಣದ ವೆಚ್ಚ ಎಲ್ಲವೂ ವ್ಯರ್ಥ. ಎಲ್ಲಕ್ಕಿಂತ ದೊಡ್ಡ ಅಪಾಯ ಹೆಸರಿನದು. ಕೆಲವೇ ರೂಪಾಯಿ ಬೆಲೆಯ ಕಳಪೆ ಬೋಲ್ಟ್ ಒಂದು ಮರುಭೂಮಿಯ ನಡುವೆ ತುಂಡಾದರೆ ಗ್ರಾಹಕನ ವರ್ಷದ ಕನಸು ಅಲ್ಲಿಗೆ ಮುಗಿಯಿತು. ಸ್ಪರ್ಧಿಗಳ ವಲಯ ಚಿಕ್ಕದು. ಸುದ್ದಿ ಅದೇ ಸಂಜೆ ಎಲ್ಲರನ್ನೂ ತಲುಪುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ಈ ವ್ಯಾಪಾರಕ್ಕೆ ಅಕ್ಷರಶಃ ಅನ್ವಯಿಸುತ್ತದೆ.

ನೈತಿಕವೆನ್ನಬಹುದಾದ ಪ್ರಶ್ನೆಯೊಂದೂ ಇದೆ. ಮೂಲ ಎಂಜಿನ್, ಮೂಲ ಬಣ್ಣಗಳೊಂದಿಗೆ ಉಳಿದಿರುವ ಕಾರನ್ನು ಕತ್ತರಿಸಿ ರ‍್ಯಾಲಿಗೆ ಬಳಸಿದರೆ ಇತಿಹಾಸದ ಒಂದು ತುಣುಕು ನಾಶವಾದಂತೆ. ಅದರ ಸಂಗ್ರಹ ಮೌಲ್ಯವೂ ಕುಸಿಯುತ್ತದೆ. ಆದ್ದರಿಂದ ವಿವೇಕಿಗಳಾದ ನಿರ್ಮಾಪಕರು ಈಗಾಗಲೇ ಅಪಘಾತಕ್ಕೀಡಾದ, ಎಂಜಿನ್ ಬದಲಾದ, ಹಲವು ಬಾರಿ ಟಿಂಕರಿಂಗ್ ಕಂಡ ಕಾರುಗಳನ್ನೇ ಆರಿಸುತ್ತಾರೆ. ಗುಜರಿ ಸೇರಬೇಕಾಗಿದ್ದ ಕವಚಕ್ಕೆ ಹೀಗೆ ಮರುಜೀವ ದೊರೆಯುತ್ತದೆ.

ಈ ಅಭಿರುಚಿಯ ಬೆಲೆಯನ್ನು ದೊಡ್ಡ ತಯಾರಕರೂ ಅರಿತಿದ್ದಾರೆ. 2022ರಲ್ಲಿ ಪೋರ್ಷೆ ಕಂಪನಿಯು 911 ಡಕಾರ್ ಎಂಬ ಎತ್ತರಿಸಿದ ಹೊಸ ಮಾದರಿಯನ್ನು 2,500 ಕಾರುಗಳಿಗೆ ಸೀಮಿತಗೊಳಿಸಿ ಪ್ರಕಟಿಸಿತು. ಅದೇ ವರ್ಷ ಲ್ಯಾಂಬೊರ್ಗಿನಿಯ ಸ್ಟೆರಾಟೊ ಕಾರೂ 1,499ರ ಮಿತಿಯೊಂದಿಗೆ ಘೋಷಣೆಯಾಯಿತು. ಸಣ್ಣ ಕಾರ್ಯಾಗಾರಗಳು ಬೆಳೆಸಿದ ರುಚಿಯನ್ನು ಬೃಹತ್ ಕಂಪನಿಗಳು ಅನುಸರಿಸಿದ ಅಪರೂಪದ ಉದಾಹರಣೆ ಇದು.

ಭಾರತದ ಕಾನೂನು ಮತ್ತು ಕರ್ನಾಟಕದ ಅವಕಾಶ

ಇಂತಹ ಕಾರುಗಳನ್ನು ಭಾರತದ ರಸ್ತೆಗಳಿಗಾಗಿ ನಿರ್ಮಿಸಲು ಹೊರಡುವವರು ಕಾನೂನನ್ನು ಮೊದಲು ಅರಿಯಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಲುವನ್ನು ಎತ್ತಿಹಿಡಿದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನ ನಿಯಮಗಳು 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕವನ್ನು ಆ ನಿಯಮಗಳು ಗೊತ್ತುಪಡಿಸಿದವು. ಆದರೆ ವಾಹನವು ಮೂಲ ಸ್ವರೂಪದಲ್ಲಿರಬೇಕು. ಷಾಸಿ, ಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು ಎಂಬ ಷರತ್ತಿದೆ. ರ‍್ಯಾಲಿಗಾಗಿ ಮರುನಿರ್ಮಿಸಿದ ಕಾರು ಈ ಷರತ್ತನ್ನು ಪೂರೈಸುವುದು ದುಸ್ತರ. ಆದ್ದರಿಂದ ಪೂರ್ಣ ಕಾರಿನ ನಿರ್ಮಾಣಕ್ಕೆ ದೇಶದೊಳಗಿನ ಮಾರುಕಟ್ಟೆ ಸೀಮಿತವೆಂದೇ ತಿಳಿಯಬೇಕು.

ಅವಕಾಶವಿರುವುದು ಬಿಡಿಭಾಗ ಮತ್ತು ಸೇವೆಗಳಲ್ಲಿ. ನಿಖರ ಯಂತ್ರಗೆಲಸ, ಉಷ್ಣೋಪಚಾರ, ಬಿರುಕು ಪರೀಕ್ಷೆ, ತಗಡಿನ ಕೆಲಸಗಳಲ್ಲಿ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ಘಟಕಗಳಿಗೆ ದೀರ್ಘ ಅನುಭವವಿದೆ. ಕೆ-1000 ರ‍್ಯಾಲಿಯಂತಹ ಸ್ಪರ್ಧೆಗಳ ಮೂಲಕ ರ‍್ಯಾಲಿ ಕಾರುಗಳ ಪರಿಚಯವೂ ರಾಜ್ಯಕ್ಕೆ ಹೊಸದಲ್ಲ. ರಕ್ಷಾಫಲಕ, ಬಲಪಡಿಸಿದ ಸಸ್ಪೆನ್ಷನ್ ತೋಳು, ಬುಷ್, ಆಕ್ಸಲ್, ಉತ್ಪಾದನೆ ನಿಂತುಹೋದ ಹಳೆಯ ಭಾಗಗಳ ಮರುತಯಾರಿಕೆ ಇವೆಲ್ಲ ಸಣ್ಣ ಸಂಖ್ಯೆಯಲ್ಲಿ ಬೇಕಾಗುವಂಥವು. ದೊಡ್ಡ ಕಾರ್ಖಾನೆಗಳು ಹತ್ತು ಇಪ್ಪತ್ತು ಭಾಗಗಳ ಆದೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಣ್ಣ ಘಟಕಕ್ಕೆ ಅದೇ ಅನುಕೂಲ.

ಆದರೆ ಇಲ್ಲಿ ಬೆಲೆಯ ಪೈಪೋಟಿಗಿಂತ ದಾಖಲೆಯ ಪೈಪೋಟಿ ತೀವ್ರ. ಲೋಹದ ಪರೀಕ್ಷಾ ಪ್ರಮಾಣಪತ್ರ, ಉಷ್ಣೋಪಚಾರದ ವರದಿ, ಅಳತೆಯ ಪಟ್ಟಿ ಇಲ್ಲದ ಭಾಗವನ್ನು ಕಡಿಮೆ ಬೆಲೆಗೆ ಕೊಟ್ಟರೂ ಹೊಣೆಯರಿತ ನಿರ್ಮಾಪಕ ಕೊಳ್ಳಲಾರ. ಪ್ರಾಣಕ್ಕೆ ಸಂಬಂಧಿಸಿದ ಭಾಗಗಳನ್ನು ರಫ್ತು ಮಾಡುವಾಗ ಉತ್ಪನ್ನದ ಹೊಣೆಗಾರಿಕೆಯ ವಿಮೆಯ ಬಗೆಗೂ ಮೊದಲೇ ಯೋಚಿಸಬೇಕು. ಕಾರು ಅಥವಾ ಉಪಕರಣಗಳನ್ನು ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ಯುವವರಿಗೆ ಕಾರ್ನೆ ಎಂಬ ಸುಂಕದ ದಾಖಲೆಯ ಸೌಲಭ್ಯವಿದೆ. ವೃತ್ತಿಪರ ಉಪಕರಣಗಳಿಗಾಗಿ ಎಟಿಎ ಕಾರ್ನೆಯನ್ನು ಭಾರತದಲ್ಲಿ ಫಿಕ್ಕಿ ಸಂಸ್ಥೆ ನೀಡುತ್ತದೆ. ಅದು ಆ ವ್ಯವಸ್ಥೆಯನ್ನು ಒಪ್ಪಿಕೊಂಡಿರುವ ದೇಶಗಳಲ್ಲಿ ಮಾತ್ರ ಸಲ್ಲುತ್ತದೆ. ವಾಹನಗಳಿಗೆ ಪ್ರತ್ಯೇಕ ಕಾರ್ನೆ ಇದೆ. ಕಾರ್ನೆಯಲ್ಲಿ ನಮೂದಿಸಿದ ವಸ್ತು ಅವಧಿಯೊಳಗೆ ಮರಳಿ ಬರಬೇಕು. ರ‍್ಯಾಲಿಯಲ್ಲಿ ಬಳಸಿ ಮುಗಿದ ಭಾಗಕ್ಕೆ ಸುಂಕ ತೆರಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಈ ಕ್ಷೇತ್ರಕ್ಕೆ ಕಾಲಿಡಬಯಸುವ ಘಟಕವು ಇಡೀ ಕಾರಿನ ಕನಸಿನಿಂದ ಆರಂಭಿಸುವ ಅಗತ್ಯವಿಲ್ಲ. ಒಂದೇ ಭಾಗವನ್ನು ಆರಿಸಿಕೊಂಡು, ಅದರ ಮಾದರಿಯನ್ನು ತಯಾರಿಸಿ, ಮುರಿಯುವವರೆಗೂ ಪರೀಕ್ಷಿಸಿ, ಮುರಿದ ಕಾರಣವನ್ನು ಬರೆದಿಟ್ಟು, ಮತ್ತೆ ತಯಾರಿಸುವುದು ಉಚಿತ ಮಾರ್ಗ. ಕೆರಿಚೊ ಪಟ್ಟಣದ ಗ್ಯಾರೇಜಿನಿಂದ ಬಂದ ಮೆಕ್ಯಾನಿಕ್ ಒಬ್ಬರು ಬಳಸಿದ ಕಾರಿನಲ್ಲಿ ಸಫಾರಿ ಗೆದ್ದದ್ದು ಇಂತಹ ತಾಳ್ಮೆಯ ಬಲದಿಂದ. ಪ್ರತಿ ಬೋಲ್ಟನ್ನೂ ತಾನೇ ಬಿಗಿದು, ಅದಕ್ಕೆ ತಾನೇ ಹೊಣೆ ಹೊರುವ ಕಾರ್ಯಾಗಾರಕ್ಕೆ ಈ ಮಾರುಕಟ್ಟೆಯಲ್ಲಿ ಗ್ರಾಹಕರ ಕೊರತೆ ಬಾರದು.